ನೀವು ಕೇಳಿದಿರಿ: ಅಜ್ಜಿಯ ಕನ್ನಡ ಟೈಪ್‌ರೈಟರ್

ಪ್ರಶ್ನೆ: ನಮ್ಮ ಹಳೇ ಮನೆ ಖಾಲಿ ಮಾಡುವಾಗ ಅಟ್ಟದ ಮೇಲೆ ಅಜ್ಜಿಯ ಕನ್ನಡ ಟೈಪ್‌ರೈಟರ್ ಸಿಕ್ಕಿತು. ರೆಮಿಂಗ್ಟನ್ ಮೆಷಿನ್. ಕೀಲಿ ಒತ್ತಿದರೆ ಕಡ್ಡಿ ಮೇಲೆದ್ದು ಅಲ್ಲೇ ನಿಂತುಬಿಡುತ್ತದೆ. ಅಪ್ಪ ಗುಜರಿಗೆ ಹಾಕು ಅನ್ನುತ್ತಾರೆ. ರಿಪೇರಿ ಆಗುತ್ತದಾ ಮೇಡಂ?
– ಓದುಗರು, ಬಸವನಗುಡಿ

ದಯವಿಟ್ಟು ಗುಜರಿಗೆ ಹಾಕಬೇಡಮ್ಮ. ಕಡ್ಡಿ ನಿಂತುಬಿಟ್ಟರೆ ಮೆಷಿನ್ ಸತ್ತಿದೆ ಅಂತ ಅರ್ಥವಲ್ಲ. ಯಾರೋ ಎಣ್ಣೆ ಬಿಟ್ಟಿರುತ್ತಾರೆ, ಅದಕ್ಕೆ ವರ್ಷಗಟ್ಟಲೆ ಧೂಳು ಕೂತು ಅಂಟಾಗಿರುತ್ತದೆ. ಹಳೇ ಹಲ್ಲುಜ್ಜುವ ಬ್ರಷ್ ತಗೊಂಡು ಸ್ವಲ್ಪ ಸೀಮೆಎಣ್ಣೆ ಇಲ್ಲವೇ ಪೆಟ್ರೋಲ್‌ನಲ್ಲಿ ಅದ್ದಿ, ಕಡ್ಡಿಗಳು ಓಡಾಡುವ ಸೀಳುಗಳನ್ನು ಉಜ್ಜಿ. ಮನೆ ಹೊರಗೆ ಕೂತು ಮಾಡಿ, ಒಲೆ ಹತ್ತಿರ ಬೇಡ. ಆ ಸೀಳುಗಳಿಗೆ ಮತ್ತೆ ಎಣ್ಣೆ ಹಾಕಬೇಡಿ. ಹೊಲಿಗೆ ಮೆಷಿನ್ ಎಣ್ಣೆ ಒಂದೆರಡು ಹನಿ, ಅದೂ ಹಾಳೆ ಹಿಡಿದು ಪಕ್ಕಕ್ಕೆ ಸರಿಯುವ ಕ್ಯಾರೇಜ್ ಓಡುವ ಹಳಿಗೆ ಮಾತ್ರ. ಕೊಬ್ಬರಿ ಎಣ್ಣೆಯಂತೂ ಬೇಡವೇ ಬೇಡ.

ಆಮೇಲೆ ಅಕ್ಷರದ ಮುಖ ನೋಡಿ. ನಮ್ಮ ಅಕ್ಷರಗಳು ದುಂಡಗೆ ಅಲ್ವಾ, ಠ, ಥ, ಧ ಇವುಗಳ ಹೊಟ್ಟೆಯಲ್ಲಿ ಇಂಕು ಗಟ್ಟಿಯಾಗಿ ಕೂತಿರುತ್ತದೆ. ಹೊಡೆದರೆ ಬರೀ ಕಪ್ಪು ಚುಕ್ಕೆ ಬೀಳುತ್ತದೆ. ಗುಂಡುಪಿನ್ನಿನಿಂದ ಮೆತ್ತಗೆ ತೆಗೆಯಿರಿ. ರಬ್ಬರ್ ರೋಲರ್ ಗಟ್ಟಿಯಾಗಿದ್ದರೆ ಹಾಳೆ ತೂತು ಬೀಳುತ್ತದೆ. ಹಿಂದೆ ಇನ್ನೊಂದು ಹಾಳೆ ಸೇರಿಸಿ ಹಾಕಿ, ಸರಿಹೋಗುತ್ತದೆ. ಅರ್ಧ ಇಂಚಿನ ಇಂಕ್ ರಿಬ್ಬನ್ ಹೊಸದು ಹಾಕಿದರೆ ಕೆಲಸ ಮುಗಿಯಿತು.

ನಾನು ಇಷ್ಟು ಒತ್ತಾಯ ಮಾಡುವುದಕ್ಕೆ ಕಾರಣ ಇದೆ. ಇಂಗ್ಲಿಷಿಗೆ 26 ಅಕ್ಷರ ಸಾಕು. ನಮಗೆ 34 ವ್ಯಂಜನ, ಪ್ರತಿಯೊಂದಕ್ಕೂ ಕಾಗುಣಿತ, ಅದರ ಮೇಲೆ ಒತ್ತಕ್ಷರ. ಇಷ್ಟನ್ನೂ ಇಂಗ್ಲಿಷಿಗೆ ಅಂತ ಹುಟ್ಟಿದ ಮೆಷಿನ್ನಿನ ನಾಲ್ಕು ಸಾಲು ಕೀಲಿಗಳಲ್ಲಿ ಕೂರಿಸಬೇಕಿತ್ತು. ಕನ್ನಡಕ್ಕೆ ಕೀಲಿಮಣೆ ಹೊಂದಿಸಿದವರಲ್ಲಿ ಅನಂತಸುಬ್ಬರಾವ್ ಅವರ ಹೆಸರನ್ನು ನಾವು ಟೈಪಿಸ್ಟರು ಮರೆಯುವುದಿಲ್ಲ. ಅಕ್ಷರವನ್ನು ತುಂಡು ಮಾಡಿ, ಒತ್ತನ್ನು, ಗುಣಿತದ ಗುರುತನ್ನು ಬೇರೆ ಬೇರೆ ಕೀಲಿಗೆ ಕೊಡುವುದೇ ಉಪಾಯ. ಕೆಲವು ಕೀಲಿ ಒತ್ತಿದರೆ ಕ್ಯಾರೇಜ್ ಮುಂದಕ್ಕೆ ಹೋಗುವುದಿಲ್ಲ, ಗುರುತು ಪಕ್ಕದ ಅಕ್ಷರಕ್ಕೇ ಸೇರಿಕೊಳ್ಳುತ್ತದೆ.

'ಕಾರ್ಯದರ್ಶಿ' ಅಂತ ಹೊಡೆದು ನೋಡಿ. ಇವತ್ತು ಕಂಪ್ಯೂಟರಿನಲ್ಲಿ ಮೊದಲು ರ, ಆಮೇಲೆ ಯ. ಬಾಯಲ್ಲಿ ಹೇಳುವ ಕ್ರಮ ಅದು. ಟೈಪ್‌ರೈಟರಿನಲ್ಲಿ ಹಾಗಿಲ್ಲ. ಮೊದಲು ಯ ಬೀಳಬೇಕು, ಅದರ ಬೆನ್ನಿಗೆ ಅರ್ಕಾವತ್ತು. ಕಣ್ಣಿಗೆ ಕಾಣುವ ಕ್ರಮ. ನಿಮ್ಮ ಅಜ್ಜಿಯ ಬೆರಳುಗಳಿಗೆ ಕನ್ನಡ ಅನ್ನುವುದು ಕಾಣುವ ಭಾಷೆಯಾಗಿತ್ತು. ಕಂಪ್ಯೂಟರಿಗೆ ಕೆ.ಪಿ. ರಾವ್ ಅವರ ಕನ್ನಡ ಕೀಲಿಮಣೆ ಬಂದು, ಸರ್ಕಾರ ಅದನ್ನು ಒಪ್ಪಿ, 'ನುಡಿ' ತಂತ್ರಾಂಶ ಕಲಿತಾಗ ನನಗೆ ತುಂಬ ದಿನ ಕಷ್ಟವಾಯಿತು. ಬೆರಳು ಹಳೇ ದಾರಿಯನ್ನೇ ಹುಡುಕುತ್ತಿತ್ತು. ಹೊಸದು ಸುಲಭ, ಅದರಲ್ಲಿ ಎರಡು ಮಾತಿಲ್ಲ. ಆದರೆ ಹಳೆಯದು ಹೇಗಿತ್ತು ಅಂತ ಗೊತ್ತಾಗಲು ಮೆಷಿನ್ನೇ ಮುಂದೆ ಇರಬೇಕು. ನಿಮ್ಮ ಹತ್ತಿರ ಇದೆ. ಇಟ್ಟುಕೊಳ್ಳಿ.

ಪ್ರಶ್ನೆ: ಕೀಬೋರ್ಡಿನಲ್ಲಿ ಎ, ಬಿ, ಸಿ ಸಾಲಾಗಿ ಯಾಕಿಲ್ಲ? ಟೈಪ್ ಮಾಡುವವರ ಸ್ಪೀಡ್ ತಗ್ಗಿಸಲು ಬೇಕಂತಲೇ ಹೀಗೆ ಮಾಡಿದರಂತೆ, ಹೌದಾ?
– ಕಾಲೇಜು ವಿದ್ಯಾರ್ಥಿ, ರಾಜಾಜಿನಗರ

ಸ್ಪೀಡ್ ತಗ್ಗಿಸಲು ಅನ್ನುವುದನ್ನು ನಾನು ಒಪ್ಪುವುದಿಲ್ಲ ಮಗು. ಅಮೆರಿಕದ ಮಿಲ್ವಾಕಿ ಊರಿನ ಕ್ರಿಸ್ಟೋಫರ್ ಲೇಥಮ್ ಶೋಲ್ಸ್ ಮತ್ತು ಅವರ ಜೊತೆಗಾರರು 1868ರಲ್ಲಿ ತಮ್ಮ ಟೈಪ್‌ರೈಟರಿಗೆ ಪೇಟೆಂಟ್ ಪಡೆದರು. ಬಂದೂಕು, ಹೊಲಿಗೆ ಮೆಷಿನ್ ಮಾಡುತ್ತಿದ್ದ ರೆಮಿಂಗ್ಟನ್ ಕಂಪನಿ 1874ರಲ್ಲಿ ಅದನ್ನು ಮಾರಾಟಕ್ಕೆ ತಂದಿತು. ಅಕ್ಕಪಕ್ಕದ ಕಡ್ಡಿಗಳು ಒಟ್ಟಿಗೆ ಎದ್ದರೆ ಸಿಕ್ಕಿಹಾಕಿಕೊಳ್ಳುತ್ತವೆ. ಅದಕ್ಕೇ ಅಕ್ಷರಗಳನ್ನು ದೂರ ದೂರ ಇಟ್ಟರು ಅನ್ನುವುದು ಸಾಮಾನ್ಯವಾಗಿ ಕೊಡುವ ಕಾರಣ. ಕಡ್ಡಿ ಸಿಕ್ಕಿಕೊಳ್ಳದಿದ್ದರೆ ಸ್ಪೀಡ್ ಜಾಸ್ತಿಯೇ ಆಗುತ್ತದೆ, ಅಲ್ವಾ? ಆದರೆ ಇಂಗ್ಲಿಷಿನಲ್ಲಿ ಪದೇ ಪದೇ ಜೊತೆಗೆ ಬರುವ ಇ ಮತ್ತು ಆರ್ ಪಕ್ಕಪಕ್ಕದಲ್ಲೇ ಇವೆ. ಹಾಗಾಗಿ ಆ ಒಂದು ಕಾರಣದಿಂದ ಎಲ್ಲವೂ ಬಗೆಹರಿಯುವುದಿಲ್ಲ. ಟೆಲಿಗ್ರಾಫ್ ಕೆಲಸದವರ ಅನುಕೂಲ ನೋಡಿ ಬದಲಾಯಿಸಿದರು ಅನ್ನುವ ಸಂಶೋಧಕರೂ ಇದ್ದಾರೆ.

ಶಿಫ್ಟ್ ಕೀ ಬಂದದ್ದು 1878ರ ರೆಮಿಂಗ್ಟನ್ ಎರಡನೇ ಮಾದರಿಯಲ್ಲಿ. ಅದಕ್ಕೆ ಮುಂಚೆ ಬರೀ ದೊಡ್ಡಕ್ಷರ. ನಿಮ್ಮ ಲ್ಯಾಪ್‌ಟಾಪಿನ ಶಿಫ್ಟ್ ಈಗ ಏನನ್ನೂ ಜರುಗಿಸುವುದಿಲ್ಲ. ನಮ್ಮ ಮೆಷಿನ್ನಿನಲ್ಲಿ ಅದು ನಿಜವಾಗಿಯೂ ಭಾರ ಎತ್ತುತ್ತಿತ್ತು, ಕಿರುಬೆರಳು ನೋಯುತ್ತಿತ್ತು.

ಪ್ರಶ್ನೆ: ಹೆಣ್ಣುಮಕ್ಕಳನ್ನು ಆಫೀಸಿಗೆ ತಂದದ್ದು ಟೈಪ್‌ರೈಟರ್ ಎಂದು ಓದಿದೆ. ನಿಮ್ಮ ಅನುಭವ ಏನು?
– ಓದುಗರು, ವಿಜಯನಗರ

ಶೋಲ್ಸ್ ಅವರ ಮಗಳು ಲಿಲಿಯನ್ ಆ ಮೆಷಿನ್ ಮುಂದೆ ಕೂತ ಹಳೇ ಫೋಟೋ ಇದೆ. 1881ರಲ್ಲಿ ನ್ಯೂಯಾರ್ಕಿನ ವೈಡಬ್ಲ್ಯುಸಿಎ ಅನ್ನುವ ಮಹಿಳಾ ಸಂಸ್ಥೆ ಹೆಂಗಸರಿಗೆ ಟೈಪಿಂಗ್ ತರಗತಿ ಶುರುಮಾಡಿತು. ಒಂದು ಕಾಲಕ್ಕೆ ಇಂಗ್ಲಿಷಿನಲ್ಲಿ ಟೈಪ್‌ರೈಟರ್ ಅಂದರೆ ಮೆಷಿನ್ನೂ ಹೌದು, ಅದರ ಮುಂದೆ ಕೂತವಳೂ ಹೌದು.

ನನ್ನದು ಚಾಮರಾಜಪೇಟೆ, 1976. ಮಹಡಿ ಮೇಲಿನ ಒಂದು ಇನ್‌ಸ್ಟಿಟ್ಯೂಟ್, ಬೆಳಿಗ್ಗೆ ಆರೂವರೆ ಬ್ಯಾಚ್. ಎ ಎಸ್ ಡಿ ಎಫ್ ಜಿ ಎಫ್, ಸೆಮಿಕೋಲನ್ ಎಲ್ ಕೆ ಜೆ ಎಚ್ ಜೆ. ಅದೇ ಸಾಲು, ಪುಟಗಟ್ಟಲೆ. ಕೀಲಿ ನೋಡಬಾರದು ಅಂತ ಮೇಷ್ಟ್ರು ಕೈ ಮೇಲೆ ತಗಡಿನ ಮುಚ್ಚಳ ಇಡುತ್ತಿದ್ದರು. ಹದಿನೈದು ಮೆಷಿನ್ ಒಟ್ಟಿಗೆ ಬಡಿಯುವಾಗ ನನ್ನ ಮೆಷಿನ್ನಿನ ಗಂಟೆ ನನಗೆ ಮಾತ್ರ ಹೇಗೆ ಕೇಳುತ್ತಿತ್ತೋ! ಸಾಲು ಮುಗಿಯಲು ಇನ್ನು ಐದಾರು ಅಕ್ಷರ ಅಂತ ಹೇಳುವ ಗಂಟೆ ಅದು. ಸೀನಿಯರ್ ಪರೀಕ್ಷೆಯ ದಿನ ನಾನು, ನನ್ನ ಗೆಳತಿ ಆಟೋದಲ್ಲಿ ಮೆಷಿನ್ ಹೊತ್ತುಕೊಂಡು ಸೆಂಟರಿಗೆ ಹೋದೆವು. ಅದನ್ನು ತೊಡೆಯ ಮೇಲಿಟ್ಟುಕೊಂಡು, ಹಳ್ಳ ಬಂದಾಗಲೆಲ್ಲ ಇಬ್ಬರೂ ತಬ್ಬಿ ಹಿಡಿದೆವು.

ಅದರಿಂದಲೇ ಕೆಲಸ ಸಿಕ್ಕಿತು. ಮೊದಲ ಸಂಬಳದಲ್ಲಿ ಅಮ್ಮನಿಗೆ ಇಳಕಲ್ ಸೀರೆ ತಂದೆ. ಆದರೆ ಇನ್ನೊಂದು ಮುಖವನ್ನೂ ಹೇಳಬೇಕು. ನಾನಿದ್ದ ಒಂದು ಕಚೇರಿಯಲ್ಲಿ ನಂತರ ಸೇರಿದ ಹುಡುಗರು ಮೇಲಕ್ಕೆ ಹೋದರು, ನಾವು ನಾಲ್ವರು ಹೆಂಗಸರು ಹನ್ನೊಂದು ವರ್ಷ ಮೆಷಿನ್ ಮುಂದೆಯೇ ಉಳಿದೆವು. 'ನಿಮ್ಮ ಸ್ಪೀಡ್ ಚೆನ್ನಾಗಿದೆ, ನೀವು ಅಲ್ಲೇ ಇರಿ' ಅನ್ನುತ್ತಿದ್ದರು. ಬಾಗಿಲು ತೆರೆದದ್ದೂ ಟೈಪಿಂಗ್, ಒಳಗೆ ಒಂದೇ ಕುರ್ಚಿಗೆ ಕಟ್ಟಿಹಾಕಿದ್ದೂ ಅದೇ. ಎರಡೂ ನಿಜ. ಇವತ್ತು ಯಾರಾದರೂ ಹುಡುಗಿ ಕೇಳಿದರೆ, ಕೆಲಸ ಕಲಿ, ಅದರ ಜೊತೆ ಬಡ್ತಿ ಪರೀಕ್ಷೆಯನ್ನೂ ಬರಿ ಅನ್ನುತ್ತೇನೆ.

ಪ್ರಶ್ನೆ: ಇಮೇಲಿನಲ್ಲಿ 'ಸಿಸಿ' ಅಂತ ಇರುತ್ತದಲ್ಲ, ಏನದು?
– ಓದುಗರು, ಯಲಹಂಕ

ಕಾರ್ಬನ್ ಕಾಪಿ. ಅದೇ ಪತ್ರದ ಪ್ರತಿ ಇನ್ನೊಬ್ಬರಿಗೂ ಹೋಗಲಿ ಅಂತ. ಹೆಸರು ಬಂದದ್ದು ನಮ್ಮ ಮೆಷಿನ್ನಿನ ಕಾಲದಿಂದ. ಎರಡೆರಡು ಹಾಳೆಗಳ ನಡುವೆ ಮಸಿ ಹಚ್ಚಿದ ಕಾರ್ಬನ್ ಹಾಳೆ ಇಟ್ಟು ರೋಲರಿಗೆ ಸುತ್ತಿ ಹೊಡೆಯುತ್ತಿದ್ದೆವು. ಒಂದೇ ಏಟಿಗೆ ನಾಲ್ಕೈದು ಪ್ರತಿ. ಒಂದಕ್ಷರ ತಪ್ಪಿದರೆ ಅಷ್ಟೂ ಪ್ರತಿಯಲ್ಲಿ ಒಂದೊಂದಾಗಿ ರಬ್ಬರ್ ಹಾಕಿ ಉಜ್ಜಬೇಕು, ನಡುವೆ ಚೀಟಿ ಇಟ್ಟು, ಇಲ್ಲದಿದ್ದರೆ ಕೆಳಗಿನದಕ್ಕೆ ಮಸಿ ಹತ್ತುತ್ತದೆ. ಕೊನೇ ಪ್ರತಿ ಎಷ್ಟು ತೆಳುವಾಗಿ ಬರುತ್ತಿತ್ತು ಅಂದರೆ ಕಿಟಕಿ ಬೆಳಕಿಗೆ ಹಿಡಿದು ಓದಬೇಕಿತ್ತು. ಆಫೀಸಿನ ಫೈಲಿಗೆ ಹೋಗುತ್ತಿದ್ದದ್ದು ಆ ಪ್ರತಿ.