ಕಲ್ಲಿನ ಗೋಡೆ ಬೇಕೋ, ಮರಳು ಬೇಕೋ?

ಪ್ರಶ್ನೆ: ನಮ್ಮ ಮನೆ ಕುಂದಾಪುರದ ಹತ್ತಿರ ಕಡಲ ಕರೆಯಲ್ಲೇ ಇದೆ. ಕಳೆದ ಮಳೆಗಾಲದಲ್ಲಿ ಮೂರು ತೆಂಗಿನಮರ ಸಮುದ್ರದ ಪಾಲಾದವು. ಕಲ್ಲಿನ ತಡೆಗೋಡೆ ಪಕ್ಕದವರ ಗಡಿಗೇ ನಿಂತಿದೆ. ಮುಂದುವರಿಸಿ ಎಂದು ಅರ್ಜಿ ಕೊಡಲೇ? ಮನೆ ಮುಂದಿನ ಮರಳದಿಬ್ಬ ಸಮತಟ್ಟು ಮಾಡಿ ಹೋಂಸ್ಟೇ ಕಟ್ಟಬೇಕೆಂಬುದು ಯಜಮಾನರ ಆಸೆ.
– ಹೆಸರು ಬೇಡವೆಂದ ಗೃಹಿಣಿ

ಉತ್ತರ: ಅರ್ಜಿ ಬರೆಯುವ ಮೊದಲು, ಇಳಿತದ ಹೊತ್ತಿಗೆ ಪಕ್ಕದವರ ಗೋಡೆಯ ಬುಡಕ್ಕೆ ಹೋಗಿ ನಿಲ್ಲಿ ತಾಯಿ. ಬಲೆ ಹರಡುವಷ್ಟಾದರೂ ಮರಳು ಉಳಿದಿದೆಯೇ ನೋಡಿ. ಗೋಡೆಗೆ ಬಡಿದ ತೆರೆ ವಾಪಸಾಗುವಾಗ ಬುಡದ ಮರಳನ್ನು ಕೆರೆದುಕೊಂಡೇ ಹೋಗುತ್ತದೆ. ಬುಡ ಟೊಳ್ಳಾದರೆ ಬಂಡೆ ಕುಸಿಯುತ್ತದೆ. ಆಮೇಲೆ ಮತ್ತೆ ಟಿಪ್ಪರ್, ಮತ್ತೆ ಬಂಡೆ, ಮತ್ತೆ ಬಿಲ್ಲು. ಇದು ಯಾರಿಗೆ ಸುಗ್ಗಿ ಅಂತ ನಾನು ಹೇಳಬೇಕಿಲ್ಲ! ಗೋಡೆ ಮುಗಿಯುವ ಕಡೆ ಕೊರೆತ ಇನ್ನೂ ಜೋರು. ನಿಮ್ಮ ತೆಂಗು ಹೋದದ್ದಕ್ಕೆ ಅದೂ ಕಾರಣವಿರಬಹುದು. ನಿಮ್ಮ ಗಡಿಯವರೆಗೆ ಎಳೆಸಿಕೊಂಡರೆ ಮುಂದಿನ ಸರದಿ ಆಚೆಮನೆಯವರದು.

ಆಸಾಡಿಯಲ್ಲಿ ಹೆದರಿ ತೀರ್ಮಾನ ಮಾಡಬೇಡಿ. ಮಳೆಗಾಲದಲ್ಲಿ ಕಡಲು ಒಳಗೆಳೆದುಕೊಂಡ ಮರಳನ್ನು ದೀಪಾವಳಿಯ ನಂತರದ ಸಣ್ಣ ತೆರೆಗಳು ತಂದುಹಾಕುತ್ತವೆ. ಬೇಸಿಗೆಯಲ್ಲಿ ಮನೆಯ ಮೆಟ್ಟಿಲಿನಿಂದ ದಡದವರೆಗೆ ಹಗ್ಗ ಹಿಡಿದು ಅಳೆದಿಡಿ. ವರ್ಷವರ್ಷ ಕಡಿಮೆಯಾಗುತ್ತಿದ್ದರೆ ಮಾತ್ರ ನಿಜವಾದ ನಷ್ಟ. ಅದರ ಬೇರು ಹೆಚ್ಚಾಗಿ ಬೇರೆಲ್ಲೋ ಇರುತ್ತದೆ: ಅಳಿವೆಯ ಬ್ರೇಕ್‌ವಾಟರ್ (ಹೊಳೆ ಕಡಲು ಸೇರುವಲ್ಲಿನ ಅಲೆತಡೆ ಗೋಡೆ), ಹೊಳೆಯ ಅಣೆಕಟ್ಟು, ಮರಳು ದಂಧೆ. ಅರ್ಜಿ ಕೊಡುವುದಾದರೆ ಅದರ ಬಗ್ಗೆ ಕೊಡಿ.

ಹಾಗೆಂದು ಎಲ್ಲೂ ಏನೂ ಕಟ್ಟಬಾರದೆಂದಲ್ಲ. ಮರವಂತೆಯಲ್ಲಿ ಒಂದು ಬದಿ ಸೌಪರ್ಣಿಕೆ ಹೊಳೆ, ಇನ್ನೊಂದು ಬದಿ ಕಡಲು, ನಡುವೆ ರಾಷ್ಟ್ರೀಯ ಹೆದ್ದಾರಿ 66. ಅಲ್ಲಿ ರಸ್ತೆ ಸರಿಸಲು ಜಾಗವೆಲ್ಲಿ?

ಹೋಂಸ್ಟೇ ವಿಷಯ: ದಿಬ್ಬಕ್ಕೆ ಜೆಸಿಬಿ ಹಚ್ಚುವುದೇ ಸಿಆರ್‌ಝಡ್ (ಕರಾವಳಿ ನಿಯಂತ್ರಣ ವಲಯ) ನಿಯಮದಲ್ಲಿ ನಿಷಿದ್ಧ. ನಿಮಗಿರುವ ನಿಜವಾದ ತಡೆಗೋಡೆ ಅದೇ, ಅದನ್ನೇ ಕೆಡವುತ್ತೀರಾ? 2019ರ ಅಧಿಸೂಚನೆಯಂತೆ ಹಳ್ಳಿಗಳಲ್ಲಿ ಭರತದ (ಉಬ್ಬರದ) ನೀರು ಮುಟ್ಟುವ ಗೆರೆಯಿಂದ 200 ಮೀಟರ್ ನಿರ್ಮಾಣಕ್ಕೆ ನಿರ್ಬಂಧ. ಜನಸಾಂದ್ರತೆ ಚದರ ಕಿ.ಮೀ.ಗೆ 2,161 ಮೀರಿದ್ದರೆ 50 ಮೀಟರ್. ಬ್ರೋಕರ್ ಮಾತು ನಂಬದೆ, ಮಂಜೂರಾದ ಸಿಆರ್‌ಝಡ್ ನಕ್ಷೆಯಲ್ಲಿ ನಿಮ್ಮ ಸರ್ವೆ ನಂಬರ್ ಹುಡುಕಿ.

ಪ್ರಶ್ನೆ: ದಡದಲ್ಲಿ ಕಡಲಾಮೆ ಮೊಟ್ಟೆ ಸಿಕ್ಕಿದರೆ ಮನೆಗೆ ತಂದು ಮರಿ ಮಾಡಿಸಿ ಬಿಡಬಹುದೇ ಸರ್?
– ಪಿಯುಸಿ ವಿದ್ಯಾರ್ಥಿ

ಉತ್ತರ: ಬೇಡ ಮಾರಾಯ, 1972ರ ವನ್ಯಜೀವಿ ಕಾಯ್ದೆಯಲ್ಲಿ ಕೇಸಾಗುತ್ತದೆ. ಅರಣ್ಯ ಇಲಾಖೆಗೆ ಫೋನ್ ಮಾಡು. ಮರಿಯಾಗಲು ಸುಮಾರು 45ರಿಂದ 60 ದಿನ ಬೇಕು. ಅಷ್ಟರೊಳಗೆ ದಡದ ರೆಸಾರ್ಟಿನವರ ಬಳಿ ಹೋಗಿ ರಾತ್ರಿ ಫ್ಲಡ್‌ಲೈಟ್ ಆರಿಸುವಂತೆ ಒಪ್ಪಿಸು. ಮರಿಗಳು ಬೆಳಕಿದ್ದಲ್ಲೇ ಕಡಲಿದೆ ಎಂದುಕೊಂಡು ರಸ್ತೆಯತ್ತ ಹೊರಡುತ್ತವೆ.