ನಂಪೈ ಸಾರ್ಟ್ ತಿರುಗಿಸಿದ್ರೆ ನ್ಯಾನ್‌ಗಳೆಲ್ಲಾ ಮೇಲಕ್ಕೆ ಯಾಕೆ ಬರುತ್ತೆ?

ಯಲಹಂಕ, ಹೆಬ್ಬಾಳ, ಕೆಂಗೇರಿ ಅಂತ ಏರಿಯಾವಾರು ಮಳೆ ರೀಡಿಂಗ್ ನಂಪೈ (NumPy, ಪೈಥಾನ್‌ನಲ್ಲಿ ನಂಬರ್ ಲೆಕ್ಕ ಮಾಡೋ ಲೈಬ್ರರಿ) ಅರೇಲಿ ಇಟ್ಕೊಂಡಿದೀರ, ಕೆಲವು ಕಡೆ ರೀಡಿಂಗೇ ಇಲ್ಲ, ಅಲ್ಲಿ ನ್ಯಾನ್ (NaN, ‘ಇದು ನಂಬರ್ ಅಲ್ಲ’ ಅನ್ನೋ ಗುರುತು) ಇದೆ, ಸಾರ್ಟ್ ಮಾಡಿ ಉಲ್ಟಾ ಮಾಡಿದ್ರೆ ಟಾಪ್ ಐದರಲ್ಲಿ ಬರೀ ನ್ಯಾನ್ ಬರ್ತಿದೆ, ನಂಪೈಲಿ ಬಗ್ ಇದ್ಯಾ ಅಂತ ತಾನೆ ಕೇಳ್ತಿರೋದು? ಬಗ್ ಅಲ್ಲ.

ನ್ಯಾನ್‌ನ ಯಾವ ನಂಬರ್ ಜೊತೆ ಹೋಲಿಸಿ ಚಿಕ್ಕದಾ, ದೊಡ್ಡದಾ, ಸಮನಾ ಅಂತ ಕೇಳಿದ್ರೂ ಉತ್ತರ ಫಾಲ್ಸೇ, ತನಗೆ ತಾನೂ ಸಮ ಅಲ್ಲ, ಕಂಪ್ಯೂಟರ್‌ನಲ್ಲಿ ದಶಮಾಂಶ ನಂಬರ್‌ಗಳಿಗೆ ಇರೋ ಐಟ್ರಿಪಲ್‌ಇ 754 (IEEE 754) ಸ್ಟ್ಯಾಂಡರ್ಡ್‌ನ ರೂಲೇ ಹಂಗಿದೆ. ಮತ್ತೆ ಎಲ್ಲಿಡೋದು? ನಂಪೈನವ್ರು ಎಲ್ಲಾನೂ ಕೊನೇಗೆ ತಳ್ಬಿಟ್ರು. ನೀವು ಅರೇ ತಿರುಗಿಸಿದಾಗ ಕೊನೇಲಿದ್ದಿದ್ದು ಮುಂದೆ ಬಂತು, ಅಷ್ಟೇ. ಪೈಥಾನ್‌ನ ಸಾದಾ ಸಾರ್ಟೆಡ್ ಇದಕ್ಕಿಂತ ಫಜೀತಿ: 3, ನ್ಯಾನ್, 1 ಅಂತ ಲಿಸ್ಟ್ ಕೊಟ್ರೆ ಹಂಗಂಗೇ 3, ನ್ಯಾನ್, 1 ಅಂತಾನೇ ವಾಪಸ್ ಕೊಡುತ್ತೆ, ಎರರ್ರೂ ಇಲ್ಲ ಎಂಥದೂ ಇಲ್ಲ.

ಸುಲಭದ ದಾರಿ ಅಂದ್ರೆ ಅರೇಗೆ ಮೈನಸ್ ಹಾಕಿ ಸಾರ್ಟ್ ಮಾಡಿ, ಬಂದಿದ್ದಕ್ಕೆ ಮತ್ತೆ ಮೈನಸ್ ಹಾಕಿ. ದೊಡ್ಡ ನಂಬರ್ ಮೊದಲು ಬರುತ್ತೆ, ನ್ಯಾನ್‌ಗೆ ಮೈನಸ್ ಹಾಕಿದ್ರೂ ನ್ಯಾನೇ ಆದ್ರಿಂದ ಅದು ಕೊನೇಲೇ ಇರುತ್ತೆ. ಆದ್ರೆ ನಿಮಗೆ ಏರಿಯಾ ಹೆಸ್ರೂ ಬೇಕಲ್ವಾ, ಅದಕ್ಕೆ ನಾನಾಗಿದ್ರೆ ಮೊದಲು ಈಸ್‌ನ್ಯಾನ್ (isnan) ಹಾಕಿ ಮಾಸ್ಕ್ (ಎಲ್ಲೆಲ್ಲಿ ನ್ಯಾನ್ ಇದೆ ಅನ್ನೋ ಟ್ರೂ-ಫಾಲ್ಸ್ ಪಟ್ಟಿ) ಮಾಡ್ಕೊಂಡು, ಅದನ್ನ ~ ಹಾಕಿ ಉಲ್ಟಾ ಮಾಡಿ, ಆ ಉಲ್ಟಾ ಮಾಸ್ಕ್‌ನಿಂದ ಮಳೆ ಅರೇ, ಹೆಸರಿನ ಅರೇ ಎರಡನ್ನೂ ಫಿಲ್ಟರ್ ಮಾಡಿ, ಆಮೇಲೆ ಮೈನಸ್ ಹಾಕಿದ ಮಳೆ ಅರೇಗೆ ಆರ್ಗ್‌ಸಾರ್ಟ್ (argsort, ಸಾರ್ಟ್ ಆದ ಕ್ರಮದಲ್ಲಿ ಇಂಡೆಕ್ಸ್ ಕೊಡುತ್ತೆ) ಕೊಟ್ಟು ಬಂದ ಇಂಡೆಕ್ಸ್‌ನಿಂದ ಹೆಸರು ತಗೋತೀನಿ. ಸರಿಯಾದ ರೀಡಿಂಗ್ ನಾಲ್ಕೇ ಇದ್ರೆ ಲಿಸ್ಟಲ್ಲೂ ನಾಲ್ಕೇ ಬರುತ್ತೆ, ಐದನೇದಾಗಿ ನ್ಯಾನ್ ನುಸುಳಲ್ಲ.

ಪಾಂಡಾಸ್ (pandas, ಟೇಬಲ್ ಡೇಟಾಗೆ ಇರೋ ಪೈಥಾನ್ ಲೈಬ್ರರಿ) ಹಾಕೋಕೆ ಅಡ್ಡಿ ಇಲ್ಲ ಅಂದ್ರೆ ಈ ತಲೆನೋವೇ ಬೇಡ. ಸಾರ್ಟ್_ವ್ಯಾಲ್ಯೂಸ್‌ಗೆ ಅಸೆಂಡಿಂಗ್ ಫಾಲ್ಸ್ ಕೊಟ್ರೂ ನ್ಯಾನ್ ಕೊನೇಲೇ ಕೂರುತ್ತೆ, ಮುಂದೆ ಬೇಕಂದ್ರೆ ಎನ್ಎ_ಪೊಸಿಷನ್‌ಗೆ ಫಸ್ಟ್ ಅಂತ ಕೊಡಿ, ಇಂಡೆಕ್ಸ್‌ಗೆ ಏರಿಯಾ ಹೆಸರು ಕೊಟ್ಟಿದ್ರೆ ಅದೂ ಜೊತೇಲೇ ಬರುತ್ತೆ.

ಒಂದು ಕೆಲಸ ಮಾತ್ರ ಮಾಡ್ಬೇಡಿ, ನ್ಯಾನ್ ಜಾಗಕ್ಕೆ ಸೊನ್ನೆ ತುಂಬೋದು. ಯಾರಾದ್ರೂ ಕೆಳಗೆ ಕಾಮೆಂಟಲ್ಲಿ ಅದನ್ನೇ ಹೇಳೋದು ಗ್ಯಾರಂಟಿ. ಸೊನ್ನೆ ಅಂದ್ರೆ ಮಳೆ ಬಂದಿಲ್ಲ ಅಂತ, ನ್ಯಾನ್ ಅಂದ್ರೆ ಬಂತೋ ಇಲ್ವೋ ಗೊತ್ತಿಲ್ಲ ಅಂತ. ನಾಳೆ ಕಮ್ಮಿ ಮಳೆ ಬಿದ್ದ ಏರಿಯಾ ಲಿಸ್ಟ್ ತೆಗೆದ್ರೆ ಮೀಟರ್ ಕೆಟ್ಟಿರೋ ಏರಿಯಾನೇ ಫಸ್ಟ್ ಬಂದು ಕೂತಿರುತ್ತೆ. ಹಾಂ, ನ್ಯಾನ್ ಬದಲು ನನ್ (None, ಪೈಥಾನ್‌ನಲ್ಲಿ ‘ಏನೂ ಇಲ್ಲ’ ಅನ್ನೋದು) ಇದ್ರೆ ಸಾರ್ಟ್ ಟೈಪ್‌ಎರರ್ ಕೊಡುತ್ತೆ, ಅರೇ ಮಾಡುವಾಗಲೇ ಡಿಟೈಪ್ (dtype, ಅರೇಲಿರೋ ಡೇಟಾ ಯಾವ ಥರದ್ದು ಅನ್ನೋದು) ಫ್ಲೋಟ್ ಅಂತ ಕೊಟ್ಬಿಡಿ, ನನ್ ಎಲ್ಲಾ ನ್ಯಾನ್ ಆಗುತ್ತೆ.