ಸುಝಾನ್ ಲೇಸಿಯವರದು ಕಲೆಯೇ, ಚಳವಳಿಯೇ?

ಅಮೆರಿಕದ ಕಲಾವಿದೆ ಸುಝಾನ್ ಲೇಸಿಯವರ ನಕ್ಷೆಗಳನ್ನು ಕಲೆ ಎನ್ನಬಹುದೇ ಎಂದು ಕೇಳಿದ್ದೀರಿ. ಖಂಡಿತ ಎನ್ನಬಹುದು. 1977ರ ಮೇ ತಿಂಗಳಲ್ಲಿ ಅವರು ಲಾಸ್ ಏಂಜಲೀಸ್‌ನ ಸಿಟಿ ಹಾಲ್ ಬಳಿ ನಗರದ ದೊಡ್ಡ ನಕ್ಷೆಯನ್ನಿಟ್ಟು, ಪೊಲೀಸರಿಂದ ದಿನವೂ ವರದಿ ಪಡೆದು, ಅತ್ಯಾಚಾರ ನಡೆದ ಜಾಗಗಳ ಮೇಲೆ ಕೆಂಪು ಮುದ್ರೆ ಒತ್ತಿದರು. ಸುತ್ತಲಿನ ಮಸುಕು ಮುದ್ರೆಗಳು ದೂರು ದಾಖಲಾಗದ ಪ್ರಕರಣಗಳಿಗಾಗಿ. ಇನ್ನೊಂದು ನಕ್ಷೆಯಲ್ಲಿ ನೆರವು ಸಿಗುವ ಕೇಂದ್ರಗಳಿದ್ದವು. ಅಂಕಿ ಅಂಶಗಳು ಪತ್ರಿಕೆಯಲ್ಲೂ ಬರುತ್ತವೆ, ನಿಜ. ಆದರೆ ನಾವು ವಾಸಿಸುವ ಬೀದಿಯ ಮೇಲೆಯೇ ಮುದ್ರೆ ಬಿದ್ದರೆ ಕಣ್ಣು ತಪ್ಪಿಸಿಕೊಳ್ಳಲು ದಾರಿಯಿಲ್ಲ. ಆ ರೂಪವನ್ನು ಕಂಡುಕೊಂಡದ್ದು ಕಲಾವಿದೆಯ ಕಣ್ಣು.

1987ರ ‘ಕ್ರಿಸ್ಟಲ್ ಕ್ವಿಲ್ಟ್’ ಎಂಬ ಅವರ ಪ್ರದರ್ಶನವನ್ನೂ ದಯವಿಟ್ಟು ಗಮನಿಸಿ: ಮಿನಿಯಾಪೊಲಿಸ್‌ನಲ್ಲಿ ಅರವತ್ತು ದಾಟಿದ 430 ಮಹಿಳೆಯರು ಮೇಜುಗಳ ಸುತ್ತ ಕುಳಿತು ತಮ್ಮ ಮುಪ್ಪಿನ ಬಗ್ಗೆ ಮಾತನಾಡಿದರು, ಸಾವಿರಾರು ಜನ ನೋಡಿದರು. ನನಗೆ ಅದೇ ಹೆಚ್ಚು ಪ್ರಿಯ.